ಜಮಖಾನದ ಅಂಚಿನ ಗುಬ್ಬಿ

ನವಲಗುಂದದ ಆ ಸಣ್ಣ ವಸ್ತುಸಂಗ್ರಹಾಲಯದ ಉಗ್ರಾಣವನ್ನು ಮಹಾನಂದಾ ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಜನ ನೋಡುವುದು ಮುಂದಿನ ಎರಡು ಕೋಣೆ; ಆಕೆಯದು ಹಿಂದಿನದು. ಹಳೆಯ ಜಮಖಾನಗಳನ್ನು ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಒಣ ಬೇವಿನೆಲೆಯ ಗಂಟಿಟ್ಟು ಮತ್ತೆ ಸುರುಳಿ ಸುತ್ತಿಡುವುದು ಆಕೆಯ ಕೆಲಸ. ಯಾವುದರ ಎಳೆ ಎಲ್ಲಿ ಸಡಿಲಾಗಿದೆ ಎಂಬುದು ಬೆರಳಿಗೇ ಗೊತ್ತಿತ್ತು. ಯಾರೂ ಅದನ್ನು ಕೇಳಿರಲಿಲ್ಲ.

ಹೋದ ವರ್ಷ ಶಗುಫ್ತಾ ಬಂದಳು. ಹುಬ್ಬಳ್ಳಿಯ ಹುಡುಗಿ, ಇಪ್ಪತ್ತೇಳು ವರ್ಷ, ಜಮಖಾನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮೇಲ್ವಿಚಾರಕ ಮಾಳಿಂಗರಾಯರು ಮೊದಲ ದಿನವೇ ಆಕೆಗೆ ತಮ್ಮ ಕೋಣೆಯಲ್ಲಿ ಮೇಜು ಕೊಟ್ಟರು.

"ಮಹಾನಂದಾ, ಮೇಡಮ್ಮಾರು ಏನ್ ಕೇಳ್ತಾರ ತಗದುಕೊಡ," ಎಂದರು.

ತೆಗೆದುಕೊಟ್ಟಳು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ರಾಜಮಾಬಿಯ ವಿಷಯ.

ರಾಜಮಾಬಿ ಮಗ್ಗದ ಮುಂದೆಯೇ ಬಾಳು ಕಳೆದ ಹಿರಿಯಳು. ಈಗ ಕಣ್ಣಿಗೆ ಪೊರೆ ಬಂದಿತ್ತು. ನವಿಲಿನ ಚಿತ್ರಕ್ಕೆ ಎಳೆ ಎಣಿಸುವುದು ಹೇಗೆ ಎಂದು ಕೇಳಲು ಮಹಾನಂದಾ ವರ್ಷಗಟ್ಟಲೆ ಆಕೆಯ ಮನೆಗೆ ಎಡತಾಕಿದ್ದಳು. "ಚಾ ಕುಡಿ ಮೊದಲ," ಎನ್ನುತ್ತಿದ್ದಳು ಮುದುಕಿ. ಚಹಾದ ಜೊತೆ ಮಾತೂ ಮುಗಿಯುತ್ತಿತ್ತು. ಶಗುಫ್ತಾ ಮಾತ್ರ ಮೂರೇ ದಿನದಲ್ಲಿ ನೋಟ್‌ಬುಕ್ಕಿನ ತುಂಬ ಎಣಿಕೆ ಬರೆದುಕೊಂಡು ಬಂದಳು. ಇಬ್ಬರೂ ಉರ್ದುವಿನಲ್ಲಿ ಮಾತಾಡುತ್ತ ನಗುತ್ತಿದ್ದರು. ಮಹಾನಂದಾಳಿಗೆ ಅದೆಲ್ಲ ಅರ್ಥವಾಗುತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ತನ್ನನ್ನು ಮುದುಕಿ ಒಮ್ಮೆಯೂ 'ಬೇಟಿ' ಎಂದು ಕರೆದಿರಲಿಲ್ಲ.

ಜನವರಿಯಲ್ಲಿ ಪ್ರದರ್ಶನ ನಡೆಸುವುದೆಂದು ನಿಗದಿಯಾಯಿತು. ಎಲ್ಲಕ್ಕೂ ಮುಂದೆ ತೂಗುಹಾಕಲು ಆರಿಸಿದ್ದು ದಾಖಲೆ ಪುಸ್ತಕದ ನಲವತ್ತೇಳನೆಯ ಜಮಖಾನ. ಎಪ್ಪತ್ತು ವರ್ಷದ ಹಿಂದೆ ರಾಜಮಾಬಿಯ ಅತ್ತೆ ನೇಯ್ದದ್ದು. ಶಗುಫ್ತಾ ಅದರ ಫಲಕದ ಕರಡು ಹಿಡಿದು ಉಗ್ರಾಣಕ್ಕೆ ಬಂದಳು.

"ಅಕ್ಕಾರ, ಒಂದ್ಸಲ ಓದ್ರಿ. ಈ ಅಂಚಿನ್ಯಾಗ ಗುಬ್ಬಿ ಅದಾವಲ್ಲ, ಇಷ್ಟು ಹಳೇದ್ರಾಗ ಗುಬ್ಬಿ ನನಗ ಬ್ಯಾರೆ ಎಲ್ಲೂ ಸಿಕ್ಕಿಲ್ರಿ. ನನ್ನ ಪ್ರಬಂಧದ ಜೀವಾನ ಇದು. ತಪ್ಪೇನರ ಅದ ಏನ್ರಿ?"

ತಪ್ಪಿತ್ತು. ಹನ್ನೊಂದು ವರ್ಷದ ಹಿಂದೆ ಇಲಿಗಳು ಆ ಅಂಚನ್ನು ಕಡಿದುಹಾಕಿದ್ದವು. ರಾಜಮಾಬಿಯೇ ಹನ್ನೆರಡು ದಿನ ಉಗ್ರಾಣದಲ್ಲಿ ಕೂತು ಹೊಸ ಅಂಚು ನೇಯ್ದು ಕೂಡಿಸಿದ್ದಳು. ಇಲಿಯ ಸುದ್ದಿ ಹೊರಗೆ ಹೋಗಬಾರದೆಂದು ಆಗಿನ ಮೇಲ್ವಿಚಾರಕರು ದಾಖಲೆ ಪುಸ್ತಕದಲ್ಲಿ ಬರೆಯಗೊಡಲಿಲ್ಲ. ಶಗುಫ್ತಾ ಮುದುಕಿಗೆ ಮೊಬೈಲಿನಲ್ಲಿ ಆ ಜಮಖಾನದ ಚಿತ್ರ ತೋರಿಸಿದ್ದಳು ನಿಜ, ಆದರೆ ಪೊರೆ ಬಂದ ಕಣ್ಣಿಗೆ ನಡುವಿನ ಪಗಡೆ ಹಾಸಿನ ಚಿತ್ರವಷ್ಟೇ ಕಂಡಿತ್ತು.

ಹೇಳಲು ಮಹಾನಂದಾ ಬಾಯಿ ತೆರೆದಳು. ಅಷ್ಟರಲ್ಲಿ ಕರಡಿನ ಕೊನೆಯ ಸಾಲು ಕಂಡಿತು: 'ಸಂಶೋಧನೆ: ಶಗುಫ್ತಾ.'

"ಎಲ್ಲಾ ಬರೋಬ್ಬರಿ ಅದರಿ, ಮೇಡಮ್," ಎಂದಳು.

ಎರಡು ದಿನ ಹಿತವೆನಿಸಿತು. ಎಂದಾದರೂ ಒಂದು ದಿನ, ಧಾರವಾಡದ ಯಾವುದೋ ಸಭೆಯಲ್ಲಿ, ತನ್ನ ಕಣ್ಣಿಗೆ ಬೀಳದ ಕಡೆ ಹುಡುಗಿ ಮುಗ್ಗರಿಸಲಿ ಎಂದುಕೊಂಡಳು. ಮೂರನೆಯ ದಿನದಿಂದ ಹೇಳಿಬಿಡಬೇಕೆಂದು ಶಗುಫ್ತಾಳ ಮೇಜಿನವರೆಗೆ ಹೋಗಿ ಬರುತ್ತಿದ್ದಳು. ಆದರೂ ಹೇಳಲಿಲ್ಲ.

ಪ್ರದರ್ಶನದ ದಿನ ರಾಜಮಾಬಿಯನ್ನು ಆಟೋದಲ್ಲಿ ಕರೆತಂದರು. ಶಗುಫ್ತಾ ಆಕೆಯ ಕೈಹಿಡಿದು ಜಮಖಾನದ ಮುಂದೆ ನಿಲ್ಲಿಸಿ ಫಲಕ ಓದಿ ಹೇಳಿದಳು. ಬದಿಯಲ್ಲಿ ಧಾರವಾಡದಿಂದ ಬಂದ ಇಬ್ಬರು ಪ್ರಾಧ್ಯಾಪಕರಿದ್ದರು. ಮುದುಕಿ ಬಾಗಿ ಅಂಚನ್ನು ಬೆರಳಿಂದ ಸವರಿದಳು.

"ಯಾರು ಹೇಳಿದ್ರವಾ ನಿನಗ? ಈ ಅಂಚು ನಮ್ಮತ್ತೀದಲ್ಲ. ಗುಬ್ಬಿ ನಾ ಹಾಕಿದ್ದು. ಇಲ್ಲೇ ಹಿಂದಿನ ಖೋಲ್ಯಾಗ ಕುಂತು ನೇಯ್ದೇನಿ. ದಿನಾ ಕಿಡಕಿಗೆ ಒಂದು ಗುಬ್ಬಿ ಬರ್ತಿತ್ತು, ಅದನ್ನ ನೋಡಿ ಹಾಕಿದೆ. ಮಹಾನಂದಾನ್ನ ಕೇಳ್ರಿ, ಆಕೀನ ನೂಲು ಸುತ್ತಿಕೊಟ್ಟಾಕಿ."

ಪ್ರಾಧ್ಯಾಪಕರೊಬ್ಬರು ಕೆಮ್ಮಿದರು. ಎಲ್ಲರೂ ಬಾಗಿಲ ಬಳಿ ನಿಂತ ಮಹಾನಂದಾಳತ್ತ ತಿರುಗಿದರು. ಆಕೆ ಉಗ್ರಾಣಕ್ಕೆ ಸರಿದಳು.

ಜನ ಹೋದ ಮೇಲೆ ಶಗುಫ್ತಾ ಉಗ್ರಾಣಕ್ಕೆ ಬಂದಳು.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನಾ ಕೇಳಿದ್ನಲ್ರಿ, ಅಕ್ಕಾರ!"

"ಕೇಳಿದಿ. ನನಗ ಹೊಟ್ಟಿ ಉರೀತು," ಎಂದಳು ಮಹಾನಂದಾ. "ಇಷ್ಟು ವರ್ಷ ಆಕಿ ಮನಿ ಕಟ್ಟಿ ಹತ್ತಿ ಇಳದೇನಿ. ನಿನಗ ಮೂರು ದಿನದಾಗ ಎಲ್ಲಾ ಕೊಟ್ಲು. ತಪ್ಪು ನಂದವಾ. ಬ್ಯಾರೆ ಏನ್ ಹೇಳ್ಲಿ?"

ಶಗುಫ್ತಾ ಅತ್ತಳು. "ಇಡೀ ವರ್ಷದ ಕೆಲಸ್ರಿ ಅದು," ಎಂದಷ್ಟೇ ಹೇಳಿ ಹುಬ್ಬಳ್ಳಿ ಬಸ್ಸಿಗೆ ಹೊರಟುಹೋದಳು.

ಮರುದಿನ ಬೆಳಿಗ್ಗೆ ಮಹಾನಂದಾ ಮಾಳಿಂಗರಾಯರ ಮುಂದೆ ನಿಂತು ಇದ್ದದ್ದನ್ನೆಲ್ಲ ಹೇಳಿದಳು. ಅವರು ರೇಗಿದರು. "ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದರು. ಬೈಸಿಕೊಂಡ ಮೇಲೆ ದಾಖಲೆ ಪುಸ್ತಕ ಕೇಳಿ ಇಸಿದುಕೊಂಡಳು. ನಲವತ್ತೇಳರ ಕೆಳಗೆ ಇಲಿ ಕಡಿದದ್ದು, ಹನ್ನೆರಡು ದಿನದ ದುರಸ್ತಿ, ನೇಯ್ದವಳ ಹೆಸರು ಎಲ್ಲ ಬರೆದಳು. ಹೊಸ ಫಲಕವನ್ನೂ ತಾನೇ ಬರೆದಳು. ವಾರದ ನಂತರ ಬಂದ ಶಗುಫ್ತಾ ಅದನ್ನು ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ಗೋಡೆಗೆ ಹಾಕಿಸಿದಳು. ಪ್ರಬಂಧದ ಒಂದು ಅಧ್ಯಾಯವನ್ನೇ ಆಕೆ ಮೊದಲಿಂದ ಬರೆಯಬೇಕಾಯಿತು. ಈಗಲೂ 'ಅಕ್ಕಾರ' ಎನ್ನುತ್ತಾಳೆ. ಆದರೆ ಏನು ಕೇಳಿದರೂ ಕೊನೆಗೆ "ಖರೇ ಹೇಳ್ರಿ ಮತ್ತ" ಎಂದು ಸೇರಿಸುತ್ತಾಳೆ.

ಮೊನ್ನೆ ಫೋನ್ ಮಾಡಿ, ಸೋಮವಾರ ಬರುತ್ತೇನೆ, ರಾಜಮಾಬಿ ಖಾಲಾಗೆ ತಿಳಿಸಿರಿ ಎಂದಳು. ಆ ಸುದ್ದಿ ಕೇಳಿದರೆ ಮುದುಕಿಯ ಮುಖ ಹೇಗೆ ಅರಳುತ್ತದೆಂದು ಮಹಾನಂದಾಳಿಗೆ ಗೊತ್ತು. ಮರೆತೆ ಎಂದರೆ ಯಾರೂ ಕೇಳುವಂತಿರಲಿಲ್ಲ. ಸಂಜೆ ಉಗ್ರಾಣಕ್ಕೆ ಕೀಲಿ ಹಾಕಿ, ಹೊಟ್ಟೆಯ ಉರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ರಾಜಮಾಬಿಯ ಓಣಿಯತ್ತ ನಡೆದಳು.