ಐದು ಕಿಲೋ ಹೊತ್ತವರಿಗೆ ಚಹಾ ಬಿಟ್ಟಿ

"ನಾಚಿಕೆ ಆಗಲ್ವೇನೋ ನಿಂಗೆ? ಒಂದು ಲೋಟ ಚಹಾಕ್ಕೆ ನನ್ನ ಕೆಲಸ ಹಂಚಿಬಿಟ್ಟೆಯಲ್ಲೋ!"

ಗೆಯ್ಝಾ ಬೆನ್ನ ಮೇಲಿನ, ಹೊರೆ ಕಟ್ಟುವ ಮರದ ಚೌಕಟ್ಟು ಇಳಿಸದೆಯೇ ಒಳಗೆ ನುಗ್ಗಿದ್ದ. ಚೌಕಟ್ಟು ಖಾಲಿ. ಮೂವತ್ತೊಂದು ವರ್ಷದಲ್ಲಿ ಅವನು ಹೊರೆಯಿಲ್ಲದೆ ನಮ್ಮ ಛತ್ರಕ್ಕೆ ಹತ್ತಿ ಬಂದದ್ದು ಅದೇ ಮೊದಲು.

"ಮೊದ್ಲು ಕೂತ್ಕೊಳಿ ಮಾವ," ಅಂದ ರಾದೊ. ಛತ್ರ ನಡೆಸುವವನು ಅವನು, ನಾನು ಅಡುಗೆಯವಳು. ಛತ್ರ ಇರುವುದು ತಾತ್ರಾ ಬೆಟ್ಟದಲ್ಲಿ, ಶಿಖರಕ್ಕೆ ಅರ್ಧ ಗಂಟೆ ಕೆಳಗೆ. ಶಿಖರದ ಈಚೆ ಮಗ್ಗುಲು ನಮ್ಮ ಸ್ಲೊವಾಕಿಯಾ, ಆಚೆ ಮಗ್ಗುಲು ಪೋಲೆಂಡ್. ನಮ್ಮ ಕಡೆ ರಸ್ತೆ ಇಲ್ಲ. ಆಲೂಗಡ್ಡೆಯಿಂದ ಹಿಡಿದು ಕಲ್ಲಿದ್ದಲಿನವರೆಗೆ ಎಲ್ಲ ಗೆಯ್ಝಾನ ಬೆನ್ನ ಮೇಲೇ ಬರುತ್ತಿತ್ತು.

ಈ ಬೇಸಿಗೆ ರಾದೊ ಕೆಳಗೆ ಕಾಡಂಚಿನ ಸಾಮಾನಿನ ಕೊಟ್ಟಿಗೆಗೆ ಒಂದು ಹಲಗೆ ಹೊಡೆದ: ಐದು ಕಿಲೋ ಹೊತ್ತು ತಂದವರಿಗೆ ರಮ್ ಹಾಕಿದ ಚಹಾ ಬಿಟ್ಟಿ. ಯಾವ ಹುಚ್ಚ ಹೊರುತ್ತಾನೆ ಅಂತ ನಾನು ನಕ್ಕಿದ್ದೆ. ಊರಲ್ಲಿ ಎರಡನೇ ಮಹಡಿಗೂ ಲಿಫ್ಟಿಗೆ ಕಾಯುವ ಜನ ನಸುಕಿಗೇ ಬಂದು ಕಲ್ಲಿದ್ದಲ ಚೀಲಕ್ಕೆ ಕಿತ್ತಾಡಿದರು. ಒಬ್ಬ ವಕೀಲ ಇನ್ನೊಬ್ಬನ ಕೈಯಿಂದ ಈರುಳ್ಳಿ ಕಿತ್ತುಕೊಂಡನಂತೆ. ಶಿಖರ ದಾಟಿ ಬರುವ ಪೋಲೆಂಡಿನವರಿಗೆ ಕೊಟ್ಟಿಗೆ ಸಿಗುವುದಿಲ್ಲವಲ್ಲ. ಅವರಲ್ಲೊಬ್ಬ ನನ್ನ ಒಲೆ ಪಕ್ಕದ ಚೀಲವನ್ನೇ ಎತ್ತಿಕೊಂಡು, ಹೊರಗಿನ ಬಂಡೆಗೆ ಒಂದು ಸುತ್ತು ಹಾಕಿ ಬಂದು, ಬೆವರೊರೆಸಿಕೊಂಡು ಚಹಾ ಕೇಳಿದ. ರಾದೊ ಕೊಟ್ಟ.

"ಐದು ಗಂಟೆಗೇ ಕೊಟ್ಟಿಗೆಗೆ ಬಂದೆ ಕಣೋ. ಗುಡಿಸಿಟ್ಟ ಹಾಗಿತ್ತು," ಅಂದ ಗೆಯ್ಝಾ.

"ನಿಮ್ಮನ್ನ ಕೈಬಿಡ್ತೀನಾ ಮಾವ? ಕೊಟ್ಟಿಗೆ ಬಾಗಿಲಲ್ಲಿ ಕುರ್ಚಿ ಹಾಕಿಸ್ತೀನಿ. ಈ ಚೌಕಟ್ಟು ಏರಿಸ್ಕೊಂಡು, ಹಳೇ ಟೋಪಿ ಇಟ್ಕೊಂಡು ಕೂತಿರಿ ಸಾಕು. ಹೊರೆ ಕಟ್ಟೋದು ತೋರಿಸಿ. ಜನ ಫೋಟೋ ತೆಗೆಸ್ಕೋತಾರೆ. ಸಂಬಳ ಅಷ್ಟೇ ಇರತ್ತೆ."

"ಹೊರದೆ ಇರೋದಕ್ಕೆ ಸಂಬಳವಾ?"

"ಗೌರವ ಮಾವ, ಗೌರವ!"

"ನಿನ್ನ ಗೌರವಕ್ಕೆ ಬೆಂಕಿ ಬೀಳ! ನಂಗೆ ಅರವತ್ತು ಕಿಲೋ ಕೊಡು."

ನನಗೂ ತಡೆಯಲಿಲ್ಲ. "ಕಲ್ಲಿದ್ದಲು ಮೂರು ವರ್ಷಕ್ಕೆ ಆಗೋಷ್ಟು ಬಿದ್ದಿದೆ. ಈ ಮನುಷ್ಯಂಗೆ ಒಂದು ಹೊರೆ ಉಳಿಸೋಕಾಗಲಿಲ್ವೇನೋ?"

"ನೀನು ಒಲೆ ನೋಡ್ಕೊ ಅಕ್ಕ."

ಗೆಯ್ಝಾ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಹೊರಗೆ ನಡೆದು, ಬೆಟ್ಟದ ಮೇಲಕ್ಕೆ ತಿರುಗಿದ.

"ಮಾವ, ದಾರಿ ಕೆಳಗೆ!"

"ಗೊತ್ತು ಕಣೋ. ಮೇಲೇನಿದೆ ಅಂತ ಒಂದ್ಸಲನೂ ನೋಡಿಲ್ಲ. ಅಲ್ಲಿಗೆ ಯಾರೂ ಏನೂ ತರಿಸ್ತಿರಲಿಲ್ಲ."

ರಾದೊ ನಕ್ಕುಬಿಟ್ಟ. "ಹಸಿವಾದ್ರೆ ಇಳೀತಾರೆ ಬಿಡು. ಸೂಪು ತೆಗೆದಿಡು."

ಮಧ್ಯಾಹ್ನ ಶಿಖರ ದಾಟಿ ಪೋಲೆಂಡಿನ ಗಂಡ ಹೆಂಡತಿ ಬಂದರು. "ಮೇಲೊಬ್ಬ ಅಜ್ಜ ಸಿಕ್ಕಿದ್ರು, ಬೆನ್ನಿಗೆ ಮರದ್ದೇನೋ ಕಟ್ಕೊಂಡು," ಅಂದಳು ಹೆಂಡತಿ. "ನಮ್ಮ ಪೋಲೆಂಡ್ ಕಡೆ ಛತ್ರಗಳಿಗೆ ಸಾಮಾನು ಹೇಗೆ ಬರತ್ತೆ ಅಂತ ಕೇಳಿದ್ರು. ಜೀಪಲ್ಲಿ ಅಂದ್ವಿ. ಆದ್ರೂ ನಮ್ಮ ಕಡೆಗೇ ಇಳಿದು ಹೋದ್ರು. ನಿಮ್ಮವರಾ?"

ಅವರು ಏನೂ ಹೊತ್ತು ತಂದಿರಲಿಲ್ಲ, ಆದರೂ ರಾದೊ ಎರಡು ಲೋಟ ಚಹಾ ಮುಂದಿಟ್ಟ.

ಗೆಯ್ಝಾ ಆ ದಿನ ಬರಲಿಲ್ಲ. ಅಕ್ಟೋಬರಿನಲ್ಲಿ ನಾವು ಚಳಿಗಾಲಕ್ಕೆ ಛತ್ರದ ಬಾಗಿಲು ಹಾಕಿ ಇಳಿಯುವವರೆಗೂ ಬರಲಿಲ್ಲ.