ಗಿರಾಕಿಯ ಕೀಲಿ ನಮ್ಮ ಜೇಬಿಗೆ ಬೇಡ

ಬೀಗದಣ್ಣನಿಗೆ ಬೀಗ ತೆಗೆಯುವುದು ಹೂ ಎತ್ತಿದಷ್ಟು ಸುಲಭ. ಕಷ್ಟವಿರುವುದು ಬಾಗಿಲು ತೆರೆದ ಮೇಲೆ. ಕೀಲಿಯನ್ನು ಒಳಗೇ ಮರೆತು ಬಾಗಿಲು ಎಳೆದುಕೊಂಡವರು ಬರಿಗೈಯಲ್ಲಿ ನಿಂತಿರುತ್ತಾರೆ. ಒಳಗೆ ಹೋಗಿ ಪರ್ಸು ತರುತ್ತಾರೆ. ಪರ್ಸಿನಲ್ಲಿ ನೋಟಿರುವುದಿಲ್ಲ, ಕಾರ್ಡ್ ಇರುತ್ತದೆ. "ಕಾರ್ಡ್ ತಗೊಳ್ತೀರಾ?" ಎಂದು ಕೇಳುತ್ತಾರೆ. ಬೀಗದಣ್ಣ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ಕೊಡಿ ಅಂದರೆ ಆ ಆಮೇಲೆ ಎಂಬುದು ಬರುವುದೇ ಇಲ್ಲ. ಮನೆಯೊಳಗೆ ಸೇರಿಕೊಂಡವನಿಗೆ ಬೀಗದವನ ನೆನಪು ಎಷ್ಟು ಹೊತ್ತು?

ಕರೆಗಳನ್ನು ತೆಗೆದುಕೊಂಡು, ಯಾರ ಮನೆಗೆ ಯಾವಾಗ ಹೋಗಬೇಕೆಂದು ಹೇಳುವವಳು ಅವನ ಹೆಂಡತಿ. ಒಂದು ಕಾರ್ಡ್ ಮೆಷಿನ್ ತಗೊಳ್ಳೋಣ ಎಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳು. ಅವನದು ಒಂದೇ ಹಟ. ಬೆವರು ತನ್ನದು, ಮೆಷಿನ್ನಿನ ಕಮಿಷನ್ ಇನ್ನೊಬ್ಬರಿಗೆ, ಅದು ಯಾವ ನ್ಯಾಯ? ಕೊನೆಗೆ ತಾನೇ ಒಂದು ಉಪಾಯ ಹುಡುಕಿದ. ಗಿರಾಕಿಯ ಕಾರ್ಡಿನ ಹಿಂದೆ ಮುಂದೆ ಫೋನಿನಲ್ಲಿ ಫೋಟೊ ತೆಗೆಯುವುದು. ಸಂಜೆ ಮೊಬೈಲ್ ಅಂಗಡಿಯ ಗೆಳೆಯನ ಹತ್ತಿರ ಹೋಗಿ, ಅವನ ಮೆಷಿನ್ನಿನಲ್ಲಿ ಆ ನಂಬರು ಒತ್ತಿಸಿ ನಗದು ತರುವುದು. ಬಾಡಿಗೆ ಇಲ್ಲ, ಅರ್ಜಿ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಆ ಉಪಾಯಕ್ಕೆ ಮೊದಲು ಸಿಕ್ಕವರು ನಿವೃತ್ತ ಟೀಚರಮ್ಮ. ಅವನ ಅಪ್ಪನ ಕಾಲದಿಂದಲೂ ಬೀಗದ ಕೆಲಸಕ್ಕೆ ಈ ಮನೆಯವರನ್ನೇ ಕರೆಯುವವರು. ಹೊಸ ಬೀಗ ಹಾಕಿಸಿಕೊಂಡು, ಕಾರ್ಡನ್ನು ಅವನ ಕೈಗಿಟ್ಟು ಕನ್ನಡಕ ಹುಡುಕಲು ಒಳಗೆ ಹೋದರು. ಅಷ್ಟು ನಂಬಿಕೆ. ಅವರು ಹೊರಗೆ ಬರುವಷ್ಟರಲ್ಲಿ ಫೋಟೊ ತೆಗೆದಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ದೊಡ್ಡ ಕೆಲಸವೊಂದರ ಮಾತು ಬಂತು. ಅಕ್ಕಪಕ್ಕದ ಎರಡು ವಸತಿ ಕಟ್ಟಡಗಳು. ಎಲ್ಲ ಮನೆಗಳ ಬೀಗದ ಕೆಲಸ ವರ್ಷಪೂರ್ತಿ ಒಬ್ಬನಿಗೇ. ಸಿಕ್ಕರೆ, ಫೋನ್ ಯಾವಾಗ ಬಡಿದುಕೊಳ್ಳುತ್ತದೋ ಎಂದು ಗಂಡ ಹೆಂಡತಿ ಕಾಯುತ್ತ ಕೂರುವುದು ತಪ್ಪುತ್ತಿತ್ತು. ಕಟ್ಟಡದ ಮ್ಯಾನೇಜರು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಮಾಡಿದ ಕೆಲಸ ತೋರಿಸಿ ಎಂದರು. ಅವನು ಫೋನ್ ಮುಂದಿಟ್ಟ. ಮ್ಯಾನೇಜರು ಬೆರಳಿನಿಂದ ಒಂದೊಂದೇ ಚಿತ್ರ ಸರಿಸಿದರು. ತುಕ್ಕು ಹಿಡಿದ ಚಿಲಕ, ಅದೇ ಜಾಗದಲ್ಲಿ ಹೊಸ ಚಿಲಕ, ಒಡೆದ ಬಾಗಿಲಿಗೆ ಹಾಕಿದ ಪಟ್ಟಿ. ಮೆಚ್ಚಿಕೊಂಡೇ ನೋಡುತ್ತಿದ್ದರು. ಮುಂದಿನ ಚಿತ್ರಕ್ಕೆ ಬೆರಳು ನಿಂತಿತು. ಟೀಚರಮ್ಮನ ಕಾರ್ಡು. ಮತ್ತೊಮ್ಮೆ ಸರಿಸಿದರೆ ಅದರ ಬೆನ್ನು, ಅಲ್ಲಿನ ಗುಟ್ಟಿನ ಅಂಕಿಗಳ ಸಮೇತ.

"ಇದು ಯಾರದು?"

"ನಮ್ಮ ಟೀಚರಮ್ಮನದು ಸಾರ್. ಈಗ ಕಾರ್ಡೂ ತಗೊಳ್ತೀನಿ," ಎಂದು ಬೀಗದಣ್ಣ ಹೆಮ್ಮೆಯಿಂದಲೇ ಹೇಳಿದ.

ಮ್ಯಾನೇಜರು ಫೋನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ಸರಿ, ಹೇಳಿ ಕಳಿಸ್ತೀನಿ."

ಹೇಳಿ ಕಳಿಸುತ್ತೇನೆ ಎಂಬ ಮಾತಿನ ಅರ್ಥ ಕೂಲಿ ಮಾಡಿ ಬದುಕುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಅಕ್ಕ ಬಂದಳು. ಹಾಸಿಗೆ ಹಿಡಿದವರ, ಮನೆಯಿಂದ ಹೊರಗೆ ಹೋಗಲಾಗದ ಮುದುಕರ ಮನೆಗೆ ಹೋಗಿ ಕೂದಲು ಕತ್ತರಿಸುವುದು ಅವಳ ಕಸುಬು. ತಮ್ಮನ ಕೂದಲಿಗೆ ದುಡ್ಡಿಲ್ಲ. ಬೈಗುಳವೂ ಪುಕ್ಕಟೆ. ಹಿತ್ತಲಿನಲ್ಲಿ ಸ್ಟೂಲ್ ಹಾಕಿ, ಕೊರಳಿಗೆ ಬಟ್ಟೆ ಕಟ್ಟಿ ಶುರುಮಾಡಿದಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಅವನು ನಡೆದದ್ದನ್ನೆಲ್ಲ ಹೇಳಿಕೊಂಡ. ಕಾರ್ಡಿನ ಫೋಟೊ ಎಂದ ಕೂಡಲೇ ಕತ್ತರಿ ನಿಂತಿತು.

"ಆ ಫೋಟೊ ಈಗಲೂ ಇದೆಯಾ?"

"ಇರಲಿ ಬಿಡಕ್ಕ, ಮುಂದಿನ ಸಲ ಬೇಕಾಗುತ್ತೆ."

"ತಲೆ ಅಲ್ಲಾಡಿಸಬೇಡ, ಕಿವಿ ಹೋಗುತ್ತೆ. ಟೀಚರಮ್ಮನ ಹೊಸ ಬೀಗದ ಕೀಲಿ ಎಲ್ಲಾನೂ ಅವರಿಗೇ ಕೊಟ್ಟೆಯಾ?"

"ಎಲ್ಲಾನೂ ಕೊಟ್ಟೆ."

"ದಡ್ಡ. ಒಂದು ನೀನಿಟ್ಕೋಬೇಕಿತ್ತು. ಮುಂದಿನ ಸಲ ಬೇಕಾಗ್ತಿತ್ತು."

ಅವನಿಗೆ ನಿಜವಾಗಿಯೂ ಸಿಟ್ಟು ಬಂತು. "ಏನು ಮಾತು ಅಂತ ಆಡ್ತೀಯ? ಕಂಡವರ ಮನೆ ಕೀಲಿ ಜೇಬಲ್ಲಿಟ್ಟುಕೊಂಡು ತಿರುಗೋಕೆ ನಾನೇನು ಕಳ್ಳನಾ? ಅಪ್ಪ ಏನು ಹೇಳ್ತಿದ್ದ? ಬೀಗದವನ ಹತ್ತಿರ ಉಳಿದ ಕೀಲಿ ಅವನ ಹೆಸರಿಗೇ ಬೀಗ."

"ಹಾಗಾದ್ರೆ ನಿನ್ನ ಫೋನಲ್ಲಿರೋದು ಏನು?"

ಬಟ್ಟೆಯ ಕೆಳಗೆ ಅವನ ಕೈ ಜೇಬಿನ ಫೋನ್ ಮುಟ್ಟಿತು. ಮಾಲೀಕ ಎದುರಿಗೆ ನಿಲ್ಲದೆ ಒಂದು ನಕಲಿ ಕೀಲಿಯನ್ನೂ ಕತ್ತರಿಸದ ಮನುಷ್ಯ. 

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಫೋನ್ ಕಳೆದುಹೋದರೆ, ರಿಪೇರಿಗೆ ಕೊಟ್ಟರೆ, ಆ ನಂಬರು ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಯಾರು ಬಳಸಿದರೂ ಜನ ಬೆರಳು ತೋರಿಸುವುದು ಅವನತ್ತ. ಗೆಳೆಯನ ಮೆಷಿನ್ನಿನದು ಬೇರೆಯೇ ತಕರಾರು. ಅದನ್ನು ಬ್ಯಾಂಕು ಕೊಟ್ಟಿರುವುದು ಅವನ ಅಂಗಡಿಯ ವ್ಯಾಪಾರಕ್ಕೆ. ಯಾರಾದರೂ ದೂರು ಕೊಟ್ಟರೆ ಗೆಳೆಯನ ಖಾತೆಗೂ ತೊಂದರೆ.

"ಕಮಿಷನ್ ಕೊಡಬೇಕಲ್ಲ ಅತ್ತಿಗೆ, ಅದೇ ಇವರ ಸಂಕಟ," ಎಂದು ಹೆಂಡತಿ ಅಡುಗೆಮನೆ ಬಾಗಿಲಿನಿಂದ ಹೇಳಿದಳು.

"ಗಾಡಿಗೆ ಪೆಟ್ರೋಲ್ ಹಾಕಿಸುವಾಗ ಬಂಕಿನವನಿಗೆ ಯಾಕೆ ದುಡಿಯಬೇಕು ಅಂತ ಕೇಳ್ತಾನಾ? ಇದೂ ಖರ್ಚೇ. ಕೂಲಿ ಹೇಳುವಾಗಲೇ ಸೇರಿಸಿ ಹೇಳಬೇಕು."

ಆಮೇಲೆ ಅಕ್ಕ ಕೇಳಿದ್ದು, ಯಾವ ಮೆಷಿನ್ ಬೇಕು ಎಂದಲ್ಲ. ಕೆಲಸ ಮುಗಿದಾಗ ನೀನು ಎಲ್ಲಿ ನಿಂತಿರುತ್ತೀಯ, ದುಡ್ಡು ಕೊಡುವವರು ಎಲ್ಲಿರುತ್ತಾರೆ ಎಂದು. ಹೆಂಡತಿಯೇ ಉತ್ತರ ಹೇಳಿದಳು. ಹೆಚ್ಚಿನವರು ಬಾಗಿಲಲ್ಲೇ ಇರುತ್ತಾರೆ. ಕೆಲವು ಸಲ ಬಾಗಿಲಲ್ಲಿರುವುದು ಬಾಡಿಗೆಯವರು, ದುಡ್ಡು ಕೊಡುವ ಮಾಲೀಕರು ಬೇರೆ ಊರಲ್ಲಿ. ಒಂದು ದಿನ ಆರು ಕೆಲಸ, ಇನ್ನೊಂದು ದಿನ ನೊಣ ಹೊಡೆಯುವುದು.

ಅಲ್ಲಿಂದ ದಾರಿ ತಾನಾಗಿ ಕಂಡಿತು. ತಿಂಗಳ ಬಾಡಿಗೆಯ ದೊಡ್ಡ ಮೆಷಿನ್ ದಿನವಿಡೀ ಗಿರಾಕಿ ಬರುವ ಅಂಗಡಿಗೆ ಸರಿ. ಕೆಲವು ಹೊಸ ಫೋನುಗಳಿಗೆ ಕಾರ್ಡ್ ತಾಗಿಸಿದರೇ ಸಾಕು, ಆದರೆ ಅವನ ಹಳೆಯ ಫೋನಿಗೆ ಆ ಸೌಕರ್ಯ ಇರಲಿಲ್ಲ. ಅವನಿಗೆ ಒಪ್ಪುವುದು ಅಂಗೈಯಗಲದ, ಫೋನಿನ ಜೊತೆ ಕೆಲಸ ಮಾಡುವ ಚಿಕ್ಕ ಮೆಷಿನ್. ಕಮಿಷನ್ ತುಸು ಹೆಚ್ಚು, ಆದರೆ ಕೆಲಸವಿಲ್ಲದ ತಿಂಗಳು ಬಾಡಿಗೆಯೂ ಇಲ್ಲ. ದೂರದ ಮಾಲೀಕರ ಫೋನಿಗೆ ದುಡ್ಡು ಕಟ್ಟುವ ಲಿಂಕ್ ಕಳಿಸುವುದು. ನಂಬರನ್ನು ಅವರೇ ತಮ್ಮ ಫೋನಿನಲ್ಲಿ ಒತ್ತುತ್ತಾರೆ, ಅದು ಇವನ ಕಣ್ಣಿಗೂ ಬೀಳುವುದಿಲ್ಲ. ಗಿರಾಕಿ ಪಿನ್ ಒತ್ತುವಾಗ ಮುಖ ಆಚೆ ತಿರುಗಿಸು ಎಂದಳು ಅಕ್ಕ. ಅಂಕಿ ಬೀಗಕ್ಕೆ ಮನೆಯವರು ಗುಟ್ಟಿನ ನಂಬರು ಹಾಕುವಾಗ ಅವನು ಮೊದಲಿನಿಂದಲೂ ಹಾಗೆಯೇ ತಿರುಗುತ್ತಿದ್ದ.

ಹೆಂಡತಿ ಮರುದಿನವೇ ಬ್ಯಾಂಕಿಗೂ ಮೆಷಿನ್ ಕೊಡುವ ಇನ್ನೆರಡು ಕಂಪನಿಗಳಿಗೂ ಫೋನ್ ಮಾಡಿದಳು. ಕಮಿಷನ್ ಎಷ್ಟು, ಬೇರೆ ಶುಲ್ಕ ಏನಾದರೂ ಉಂಟಾ, ದುಡ್ಡು ಖಾತೆಗೆ ಯಾವಾಗ ಬರುತ್ತದೆ, ಗಿರಾಕಿ ತಕರಾರು ಮಾಡಿದರೆ ಏನು ತೋರಿಸಬೇಕು, ಬೇಡವಾದಾಗ ಬಿಡಲು ದಂಡ ಇದೆಯಾ. ಬಾಯಿಮಾತು ಸಾಲದು, ಬರೆದು ಕಳಿಸಿ ಎಂದಳು. ಬರೆದು ಕೊಡಲು ಮೀನಮೇಷ ಎಣಿಸಿದ ಕಂಪನಿಯನ್ನು ಅಲ್ಲೇ ಬಿಟ್ಟಳು.

ಬೀಗದಣ್ಣ ಟೀಚರಮ್ಮನ ಮನೆಗೆ ಹೋದ. ಅವರು ಬ್ಯಾಂಕಿನವರ ಜೊತೆ ಆಗಲೇ ಜಗಳವಾಡಿ ಕೂತಿದ್ದರು. ಬಿಲ್ಲಿನಲ್ಲಿ ಯಾವುದೋ ಮೊಬೈಲ್ ಅಂಗಡಿಯ ಹೆಸರು ಬಂದಿದೆ, ತಾನು ಮೊಬೈಲೇ ಕೊಂಡಿಲ್ಲ ಎಂದು. ಅವನು ಮುಚ್ಚಿಡದೆ ಹೇಳಿದ. ಅವರ ಕಣ್ಣೆದುರೇ ಫೋಟೊ ಅಳಿಸಿದ. ಅಳಿಸಿದ್ದು ಹೋಗಿ ಕೂರುವ ಫೋನಿನ ಕಸದ ಬುಟ್ಟಿಯಿಂದಲೂ ತೆಗೆದ. ಬ್ಯಾಂಕಿಗೆ ಹೇಳಿ ಬೇರೆ ಕಾರ್ಡ್ ತರಿಸಿಕೊಳ್ಳಿ ಎಂದ.

"ಬೈಬೇಕು ಅನ್ನಿಸ್ತಿದೆ," ಎಂದರು ಟೀಚರಮ್ಮ.

"ಬೈಯಿರಿ ಅಮ್ಮ."

ಅವರು ಬೈದರು. ಇಷ್ಟು ವರ್ಷ ಪಾಠ ಮಾಡಿದವರು, ಚೆನ್ನಾಗಿಯೇ ಬೈದರು.

ಚಿಕ್ಕ ಮೆಷಿನ್ ಬಂದ ಮೇಲೆ, ಯಾರೂ ಹೇಳಿ ಕಳಿಸದಿದ್ದರೂ, ಅವನು ಮ್ಯಾನೇಜರ ಕೋಣೆಗೆ ಹೋಗಿ ಅದನ್ನು ಮೇಜಿನ ಮೇಲಿಟ್ಟ. ಅವತ್ತು ತಾನು ಮಾಡಿದ್ದು ತಪ್ಪು, ಟೀಚರಮ್ಮನಿಗೂ ಹೇಳಿ ಬಂದಿದ್ದೇನೆ ಎಂದ. ಮ್ಯಾನೇಜರು ಮೆಷಿನ್ ಎತ್ತಿ ತಿರುಗಿಸಿ ನೋಡಿದರು.

"ನಿಮ್ಮ ಕೆಲಸದ ಬಗ್ಗೆ ಅವತ್ತೂ ಅನುಮಾನ ಇರಲಿಲ್ಲ. ಒಬ್ಬರ ಕಾರ್ಡನ್ನ ಹೀಗೆ ಇಟ್ಟುಕೊಂಡವರು ನಮ್ಮ ಮನೆಗಳ ಕೀಲಿ ಹೇಗೆ ಇಟ್ಟುಕೊಳ್ತಾರೆ ಅಂತ ಯೋಚನೆ ಬಂತು. ಒಂದು ಕಟ್ಟಡ ಬೇರೆಯವರಿಗೆ ಕೊಟ್ಟಾಯ್ತು. ಇನ್ನೊಂದು ನೀವು ನೋಡ್ಕೊಳ್ಳಿ."

ಮನೆಗೆ ಬಂದು ಹೇಳಿದ. ಹೆಂಡತಿಗೆ ಖುಷಿಯಾಯಿತು. ಆದರೂ ಕೇಳಿದಳು, "ಆ ಇನ್ನೊಂದು ಕಟ್ಟಡ?"

"ಅದು ಫೋಟೊದ ಕಮಿಷನ್," ಎಂದ ಬೀಗದಣ್ಣ.

ನೀವು ನಲ್ಲಿ ರಿಪೇರಿ ಮಾಡುವವರಿರಬಹುದು, ಸೋಫಾ ತೊಳೆಯುವವರಿರಬಹುದು, ಮನೆಗೆ ಹೋಗಿ ಬಟ್ಟೆ ಅಳತೆ ತೆಗೆಯುವವರಿರಬಹುದು. ಯಾವ ಮೆಷಿನ್, ಯಾವ ಲಿಂಕ್ ಎಂಬುದನ್ನು ನಿಮ್ಮ ಕೆಲಸ ನೋಡಿ ಆರಿಸಿ, ಶುಲ್ಕವನ್ನು ಬರಹದಲ್ಲಿ ಕೇಳಿ, ನಿಮ್ಮ ಹೆಸರಿನಲ್ಲೇ ಮಾಡಿಸಿ. ಅದಕ್ಕೂ ಮೊದಲು ಒಂದು ಕೆಲಸವಿದೆ. ಈ ಹಾಳೆಯನ್ನು ಕೆಳಗಿಟ್ಟು ನಿಮ್ಮ ಫೋನಿನ ಚಿತ್ರಗಳನ್ನು ನೋಡಿ. ಯಾರದಾದರೂ ಕಾರ್ಡ್ ಕಂಡರೆ ಈಗಲೇ ಅಳಿಸಿ, ಅವರ ಮನೆಗೆ ಹೋಗಿ ಹೇಳಿ. ಬೈದರೆ ಬೈಸಿಕೊಳ್ಳಿ. ಅವರು ನಿಮಗೆ ತೆರೆದದ್ದು ಬಾಗಿಲನ್ನು, ಕೀಲಿ ಕೊಟ್ಟಿರಲಿಲ್ಲ.