ಎಡಬದಿಯ ಕಾವಿ

"ಬಲಗಡೆಯ ಫೋಟೋ ಒಂದು ತೆಗೆದ್ರೆ ಸಾಕಲ್ವಾ ಮಾರಾಯ?" ದೇರಣ್ಣ ಮೂರನೆಯ ಸಲ ಕೇಳಿದರು.

ವಿಮೆ ಏಜೆಂಟ್ ಹರಿಪ್ರಸಾದ್ ಮೊಬೈಲು ಹಿಡಿದು ಬಿಳಿ ಕಾರಿನ ಸುತ್ತ ಬರುತ್ತಿದ್ದ. "ನಾಲ್ಕೂ ಬದಿ ಬೇಕು ಮಾವ. ರಿನೀವಲ್ ತಾರೀಕು ತಪ್ಪಿ ಹನ್ನೊಂದು ದಿನ ಆಯ್ತಲ್ಲ."

ತಾರೀಕು ತಪ್ಪಿದ್ದು ಪೂವಮ್ಮ ಆಸ್ಪತ್ರೆಯಲ್ಲಿ ಮಲಗಿದ್ದ ವಾರದಲ್ಲಿ. ಈಗ ಅವರಿಗೆ ವಾರಕ್ಕೆ ಮೂರು ದಿನ ಸುಳ್ಯದಲ್ಲಿ ಡಯಾಲಿಸಿಸ್. ಅರಂತೋಡಿನಿಂದ ಹೆಂಡತಿಯನ್ನು ಕರೆತರುವುದು ದೇರಣ್ಣನೇ. ಇವತ್ತೂ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹರಿಪ್ರಸಾದನ ಆಫೀಸಿನ ಎದುರು ಕಾರು ನಿಲ್ಲಿಸಿದ್ದರು. ಪೂವಮ್ಮ ಇಳಿಯದೆ ಎಡಗಡೆಯ ಸೀಟಿನಲ್ಲೇ ಕೂತಿದ್ದರು.

"ನನಗೆ ಎಪ್ಪತ್ತಾರು ಆಯ್ತು ಅಂತ ಪ್ರೀಮಿಯಂ ಹೆಚ್ಚು ಹಾಕ್ತಾರಾ?"

"ಪ್ರಾಯ ನೋಡುದಲ್ಲ, ಗಾಡಿ ನೋಡುದು. ಮಡಿಕೇರಿ ರೋಡಿನ ಗಾಡಿ ಅಂದ್ರೆ ನಮ್ಮ ಕಂಪನಿಯವರು ಎರಡೆರಡು ಸಲ ನೋಡ್ತಾರೆ. ತಿರುವು, ಮಳೆ, ಲಾರಿ, ಎಲ್ಲ ಉಂಟಲ್ಲ."

"ಇಪ್ಪತ್ತೆರಡು ವರ್ಷದಲ್ಲಿ ಒಂದು ಕ್ಲೈಮ್ ಮಾಡಿದ್ದೇನಾ ನಾನು?"

ಮಾಡಿರಲಿಲ್ಲ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತವರಿಗೂ ಅವರು ಇದನ್ನು ಹೇಳದೆ ಬಿಟ್ಟವರಲ್ಲ.

ಹರಿಪ್ರಸಾದ್ ಎಡಬದಿಗೆ ಬಂದು ನಿಂತ. ಹಿಂದಿನ ಬಾಗಿಲಿನ ಉದ್ದಕ್ಕೂ ಏಳೆಂಟು ಗೀರು, ಎಲ್ಲವೂ ಒಂದೇ ಎತ್ತರದಲ್ಲಿ. ಬೆರಳಿನಿಂದ ಉಜ್ಜಿದ. ಬೆರಳು ಕೆಂಪಾಯಿತು.

"ಇದು ಕಾವಿ ಅಲ್ವಾ ಮಾವ?"

ದಾರಿಯ ತಿರುವಿನಲ್ಲಿ ದೈವದ ಕಟ್ಟೆಯೊಂದಿದೆ, ಅದಕ್ಕೆ ಕಾವಿ ಬಳಿದಿದ್ದಾರೆ, ಮೇಲೆ ಕಾಣಿಕೆ ಡಬ್ಬಿ. ಆ ದಾರಿಯಲ್ಲಿ ಹೋಗುವ ಗಾಡಿಯವರು ಹೆಚ್ಚಾಗಿ ನಾಣ್ಯ ಹಾಕಿಯೇ ಮುಂದೆ ಹೋಗುವುದು. ಪೂವಮ್ಮನಿಗೆ ಮೊಣಕಾಲು ನೋವು. ಅವರು ಇಳಿಯದೆ ಕಿಟಕಿಯಿಂದಲೇ ಕೈಚಾಚಿ ಹಾಕುವಷ್ಟು ಹತ್ತಿರಕ್ಕೆ, ಕಟ್ಟೆಗೆ ಒಂದು ಗೇಣು ಬಿಟ್ಟು ದೇರಣ್ಣ ಕಾರು ನಿಲ್ಲಿಸುತ್ತಿದ್ದರು. ಮೊದಲೆಲ್ಲ ಆ ಗೇಣು ತಪ್ಪುತ್ತಿರಲಿಲ್ಲ.

"ಅವರಿಗೆ ಎಡಗಣ್ಣು ಕಾಣುದಿಲ್ಲ ಹರಿಪ್ರಸಾದ್," ಎಂದರು ಪೂವಮ್ಮ ಕಾರಿನ ಒಳಗಿನಿಂದ. "ಮಳೆಗಾಲದಿಂದ ಹೀಗೆ. 'ಸಾಕು, ನಿಲ್ಲಿಸಿ' ಅಂತ ನಾನೇ ಹೇಳುದು. ಒಮ್ಮೊಮ್ಮೆ ನನಗೆ ನಿದ್ದೆ ಹತ್ತುತ್ತದೆ. ಆಗ ಕಟ್ಟೆಗೆ ಉಜ್ಜುತ್ತದೆ."

"ನೀನು ಸುಮ್ಮನಿರು," ಎಂದರು ದೇರಣ್ಣ. ಅವರಿಗೆ ನಾಚಿಕೆಯಾಗಿತ್ತು. "ಒಂದು ಕಣ್ಣು ಸರಿ ಉಂಟಲ್ಲ. ಕಟ್ಟೆ ಬಿಟ್ಟರೆ ಬೇರೆ ಯಾವುದಕ್ಕೆ ತಾಗಿದೆ?"

"ಮೊನ್ನೆ ಎಡಗಡೆಯಲ್ಲಿ ಒಂದು ಹುಡುಗಿಯ ಸೈಕಲ್ ಸ್ವಲ್ಪದರಲ್ಲಿ ತಪ್ಪಿತು."

"ಯಾವ ಸೈಕಲ್?"

ದೇರಣ್ಣ ಹೆಂಡತಿಯನ್ನು ನೋಡಿದರು, ಹರಿಪ್ರಸಾದನನ್ನು ನೋಡಿದರು. ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ದೇರಣ್ಣ ಕೀಲಿ ತೆಗೆದು ಅವನ ಕೈಗೆ ಕೊಟ್ಟರು. "ಆಸ್ಪತ್ರೆಗೆ ಬಿಡು. ಮತ್ತೆ ಮನೆಗೆ ಮುಟ್ಟಿಸು." ಜೀವಮಾನದಲ್ಲಿ ಮೊದಲ ಸಲ ಅವರು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಶನಿವಾರ ಇಬ್ಬರೂ ಬಸ್ಸು ಹತ್ತಿದರು. ಪೂವಮ್ಮನಿಗೆ ಮೆಟ್ಟಿಲು ಹತ್ತಲಾಗದೆ, ಕೆಳಗಿನಿಂದ ದೇರಣ್ಣ ಎತ್ತಿ, ಮೇಲಿನಿಂದ ಕಂಡಕ್ಟರ್ ಎಳೆಯಬೇಕಾಯಿತು. ತಿರುವು ಬಂತು. ಪೂವಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿದರು. ಬಸ್ಸು ನಿಲ್ಲಲಿಲ್ಲ. ಡ್ರೈವರ್ ಹಾರ್ನ್ ಮಾತ್ರ ಹೊಡೆದ. "ಕೈ ಒಳಗೆ ಹಾಕಿ ಅಜ್ಜಿ," ಎಂದ ಕಂಡಕ್ಟರ್.

ಡಯಾಲಿಸಿಸ್ ಹಾಸಿಗೆಯ ಬದಿಯಲ್ಲಿ ನರ್ಸ್ ಆಯಿಶತ್ ಶಿಫಾ ಸೂಜಿ ಹಿಡಿದು ಕಾದಳು.

"ಮುಷ್ಟಿ ಬಿಡಿ ಅಜ್ಜಿ. ಎಂತ ಉಂಟು ಅದರಲ್ಲಿ?"

ಪೂವಮ್ಮ ಬೆರಳು ಬಿಡಿಸಿದರು. ಎರಡು ರೂಪಾಯಿಯ ನಾಣ್ಯ ಅಂಗೈಗೆ ಅಂಟಿಕೊಂಡಿತ್ತು. ದೇರಣ್ಣ ಅದನ್ನು ತೆಗೆಯಲು ಎಡಗೈ ಚಾಚಿದರು. ಬೆರಳು ಮೊದಲು ಹಾಸಿಗೆಯ ಕಂಬಿಗೆ ತಾಗಿತು.

"ಇನ್ನೂ ಒಂದು ಗೇಣು ಮುಂದೆ," ಎಂದರು ಪೂವಮ್ಮ.